ಹಳೇ ಡಿಸ್ಕಿನಲ್ಲಿದ್ದ ತೂಕ

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಕಬ್ಬಿನ ಜಲ್ಲೆಯಲ್ಲಿ ಏಟು ಬೀಳುತ್ತದೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಬಿತ್ತು. ಭಾರತೀನಗರದಾಚೆಯ ಒಂದು ಆಲೆಮನೆಯಲ್ಲಿ, ಹಾಡಹಗಲೇ.

ಅಲ್ಲಿ ಗಾಡಿ ತೂಗುವ ವೇಬ್ರಿಡ್ಜಿನ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ನಾನೇ. ಹಾರ್ಡ್ ಡಿಸ್ಕು ಕಿರಗುಟ್ಟುತ್ತಿದೆ ಎಂದು ಮಾಲೀಕ ಕರೆದಿದ್ದರಿಂದ ಮದ್ದೂರಿನಿಂದ ಬೆಳಿಗ್ಗೆಯೇ ಹೋಗಿ, ಎಲ್ಲವನ್ನೂ ಹೊಸ ಡಿಸ್ಕಿಗೆ ಕಾಪಿ ಮಾಡಿದೆ. ಅಷ್ಟರಲ್ಲಿ ಮಳವಳ್ಳಿ ಕಡೆಯವನೊಬ್ಬ ಟ್ರ್ಯಾಕ್ಟರ್ ತುಂಬ ಕಬ್ಬು ತಂದು, "ಮೊದ್ಲು ನಂದು ತೂಗ್ಲಾ" ಎಂದು ರೇಗಿದ. ಮಾಲೀಕ ಹಳೇ ಡಿಸ್ಕಿನಲ್ಲೇ ತೂಗಿದ. ತುಂಬಿದ ಗಾಡಿಯ ತೂಕ ಮೊದಲು, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯದು. ಚೀಟಿ ಸಿಗುವುದು ಕೊನೆಗೆ. ಅವನು ಇಳಿಸಲು ಹೋದ, ನಾನು ಡಿಸ್ಕು ಬದಲಿಸಿದೆ. ಕಾಪಿ ಮುಗಿದ ಮೇಲೆ ಸೇರಿದ ಅವನದೊಂದು ತೂಕವನ್ನು ಆಮೇಲೆ ಹಳೆಯದರಿಂದ ತೆಗೆದುಕೊಂಡರಾಯಿತು ಎಂದುಕೊಂಡೆ.

ಹೊಸ ಡಿಸ್ಕು ಏಳಲಿಲ್ಲ. ಲಿನಕ್ಸು ಡಿಸ್ಕನ್ನು ಗುರುತಿಸುವುದು ಒಂದು ಉದ್ದನೆಯ ಸಂಖ್ಯೆಯಿಂದ. ಫೈಲೆಲ್ಲ ಬಂದಿದ್ದರೂ ಬೂಟ್ ಆಗುವಾಗ ಅದು ಹಳೇ ಡಿಸ್ಕಿನ ಸಂಖ್ಯೆಯನ್ನೇ ಹುಡುಕುತ್ತ ನಿಂತಿತ್ತು. ಹೊರಗೆ ಟ್ರ್ಯಾಕ್ಟರುಗಳ ಸಾಲು, ಬಿಸಿಲಿಗೆ ಒಣಗುವ ಕಬ್ಬು, ಬೈಗುಳ.

ಕಬ್ಬು ಇಳಿಸಿ ಖಾಲಿ ಗಾಡಿ ತಂದ ಮಳವಳ್ಳಿಯವನು ಒಳಗೆ ನುಗ್ಗಿ ನನ್ನ ಕಾಲರ್ ಹಿಡಿದ. "ಏನ್ಲಾ, ತೂಕ ಒಡ್ಯಾಕೆ ಒಸ ಡಿಸ್ಕು ಆಕ್ತಿದ್ದೀಯಾ?"

ನನಗೂ ಮೂಗಿನ ತುದಿಯಲ್ಲೇ ಕೋಪ. ತಳ್ಳಿದೆ. ಜಲ್ಲೆ ಬಾಯಿಗೇ ಬಿತ್ತು. ಹಲ್ಲಿನ ಸಂದಿಯಲ್ಲಿ ರಕ್ತ. ಅವನ ಕೈ ಮೇಜಿನ ಮೇಲಿದ್ದ ಹಳೇ ಡಿಸ್ಕಿಗೆ ಹೋಯಿತು.

"ಅದ್ನ ಬುಡ್ಲಾ! ನಿನ್ ತೂಕ ಅದ್ರೊಳ್ಗೇ ಐತೆ!" ಎಂದು ಕಿರುಚಿದೆ.

"ಕೇಳುದ್ರೇನ್ರಪ್ಪೋ, ನಮ್ ತೂಕಾನೆಲ್ಲ ಇದ್ರೊಳ್ಗೇ ಬಚ್ಚಿಟ್ಟವ್ನಂತೆ!" ಎಂದು ಅವನು ಡಿಸ್ಕು ಎತ್ತಿಕೊಂಡು ಹೊರಗಿನವರಿಗೆ ಕೂಗಿದ.

ಅದನ್ನು ಅಂಗಳದ ಕಲ್ಲಿನ ಮೇಲಿಟ್ಟು ಕಬ್ಬು ಕಡಿಯುವ ಮಚ್ಚಿನಲ್ಲಿ ಹೊಡೆದ, ಹೊಡೆದ, ಹೊಡೆದ. ಜನ ಕೇಕೆ ಹಾಕಿದರು. ಒಳಗಿನ ಹೊಳೆಯುವ ಬಿಲ್ಲೆ ಚೂರುಚೂರಾಯಿತು.

ನಾನು ರಕ್ತ ಉಗುಳುತ್ತ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ಹಳೇ ಸಂಖ್ಯೆ ಇದ್ದಲ್ಲೆಲ್ಲ ಹೊಸದನ್ನು ಬರೆದು, ಯಂತ್ರವನ್ನು ಏಳಿಸುವ ಬೂಟ್ ಲೋಡರನ್ನು ಮತ್ತೆ ಕೂರಿಸಿದೆ. ಈ ಸಲ ಎದ್ದಿತು. ಊರವರ ಹಿಂದಿನ ತೂಕವೆಲ್ಲ ಇದ್ದಲ್ಲೇ ಇತ್ತು. ಮಾಲೀಕ ಅವನ ಖಾಲಿ ಗಾಡಿ ತೂಗಿದ. ತುಂಬಿದ ತೂಕದ ಜಾಗ ಬರಿದಾಗಿತ್ತು.

"ನನ್ ಕಬ್ಬೆಲ್ಲಿ?" ಎಂದ. ನಾನು ಚೂರುಗಳನ್ನು ತೋರಿಸಿದೆ. ನಿಜ ಹೇಳುತ್ತೇನೆ, ಆಗ ನನಗೆ ಹೊಟ್ಟೆ ತಣ್ಣಗಾಯಿತು.

ಅವನು ಗಾಣದ ಕಡೆ ಓಡಿದ. ಅವನ ಕಬ್ಬು ಆಗಲೇ ರಸವಾಗಿ, ಬೇರೆಯವರ ರಸದೊಂದಿಗೆ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಎಷ್ಟಿತ್ತೆಂದು ನೆನಪಿಲ್ಲವೆಂದು ಮಾಲೀಕ ಮುಖ ತಿರುಗಿಸಿದ. ವರ್ಷವಿಡೀ ಬೆಳೆದದ್ದಕ್ಕೆ ಲೆಕ್ಕವೇ ಇಲ್ಲ. ಅವನು ತಿರುಗಿ ಬಂದ. ಮಚ್ಚು ಕೈಯಲ್ಲೇ ಇತ್ತು, ನಾನು ಹಿಂದೆ ಸರಿದೆ.

"ನಿಂಗೇನಾರ ನೆಪ್ಪೈತಾ, ಅಣ್ಣಾ?"

ಆ ತೂಕವನ್ನು ನಾನು ನೋಡಿಯೇ ಇರಲಿಲ್ಲ.