ಸರ್ ಕಿಟಕಿಗೆ ಹೋದರೆಂದರೆ

ತೊಂಬತ್ತರ ದಶಕದಲ್ಲಿ ನಾನು ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೆ. ಹುಬ್ಬಳ್ಳಿಯ ಕೇಶ್ವಾಪುರದ ಮನೆಯಿಂದ ದಿನಾ ಬಸ್ಸು. ನಮ್ಮಪ್ಪ ಹತ್ತಿ ವ್ಯಾಪಾರಿ, ಬಾಯಿ ಮುಚ್ಚಿ ಗೊತ್ತಿಲ್ಲದ ಮನುಷ್ಯ. ಅವರ ಮಗಳಿಗೆ ಬಾಯಿ ತೆರೆದು ಗೊತ್ತಿರಲಿಲ್ಲ. ನಾಲ್ಕು ಜನ ನನ್ನತ್ತ ನೋಡಿದರೆ ಸಾಕು, ಬಲ್ಲ ಮಾತೂ ಗಂಟಲಲ್ಲೇ ಕೂತುಬಿಡುತ್ತಿತ್ತು.

ನಮ್ಮ ಪ್ರೊಫೆಸರರದು ಒಂದು ವಿಚಿತ್ರ ಪದ್ಧತಿ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬಾರದಿದ್ದರೆ ತಾವೂ ಹೇಳರು, ಪಕ್ಕದವರನ್ನೂ ಕೇಳರು. ಕಿಟಕಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತುಬಿಡುವರು.

"ವಿಚಾರ ಮಾಡ್ರಿ. ನನಗೇನ ಅವಸರ ಇಲ್ಲ."

ಉಳಿದವರೂ ಕಿಟಕಿಯತ್ತಲೇ ನೋಡಬೇಕು, ಅದು ಕಟ್ಟಪ್ಪಣೆ. ಪೋರ್ಷನ್ ಮುಗಿಯುವುದಿಲ್ಲವೆಂದು ಜಾಣರು ಗೊಣಗುತ್ತಿದ್ದರು. ಇದೆಂಥ ಹಟ ಎಂದು ನನಗೂ ಸಿಟ್ಟೇ.

ಒಂದು ದಿನ ನನ್ನ ಸರದಿ ಬಂತು. "ಹುಬ್ಬಳ್ಳಿ ಕಡೆ ಎರಿ ಮಣ್ಣು, ಧಾರವಾಡ ದಾಟಿದರ ಕೆಮ್ಮಣ್ಣು. ಯಾಕ? ನೀ ಹೇಳವಾ," ಎಂದು ಸರ್ ಕಿಟಕಿಗೆ ಹೋದರು. ಯಾರ ಕಣ್ಣೂ ನನ್ನ ಮೇಲಿರಲಿಲ್ಲ. ಇನ್ನೇನು ಗಂಟೆ ಹೊಡೆಯಬೇಕು, ಆಗ ನನ್ನ ದನಿ ನನಗೇ ಕೇಳಿಸಿತು: "ಆ ಕಡೆ ಮಳಿ ಜಾಸ್ತಿರಿ ಸರ್, ಮಣ್ಣಿನ ಸಾರ ತೊಳಕೊಂಡು ಹೋಗತೈತಿ. ನಮ್ಮ ಕಡೆ ನೀರು ನಿಂದರತೈತ್ರಿ. ತಳದಾಗಿನ ಕಲ್ಲೂ ಬ್ಯಾರೆ."

ಸರ್ ತಿರುಗಿದರು. ಹೊಗಳಲಿಲ್ಲ. "ಹಾಂ. ಮುಂದ ಹೋಗೂಣು," ಅಂದರು, ಅಷ್ಟೇ. ಆ ಸಂಜೆ ಹುಬ್ಬಳ್ಳಿ ಬರುವವರೆಗೂ ಪಕ್ಕದ ಸೀಟಿನ ಹೆಂಗಸಿನ ತಲೆ ತಿಂದೆ.

ವರ್ಷಗಳು ಕಳೆದು ಸರ್ ನಿವೃತ್ತರಾದರು. ಬೀಳ್ಕೊಡುಗೆಗೆ ಸಭಾಂಗಣ ಹಳೆಯ ಶಿಷ್ಯರಿಂದ ಕಿಕ್ಕಿರಿದಿತ್ತು. ರಜೆಯಲ್ಲಿ ಸರ್ ಹಳ್ಳಿಹಳ್ಳಿ ತಿರುಗಿ ಬಾವಿ ಎಲ್ಲಿ ತೋಡಬೇಕೆಂದು ತೋರಿಸುತ್ತಿದ್ದರಲ್ಲ, ಆ ಊರುಗಳ ರೈತರೂ ಬಂದಿದ್ದರು. ಶಿಷ್ಯರ ಪರವಾಗಿ ಮಾತಾಡುವ ಭಾರ ನನ್ನದು. ಆಗ ನಾನೂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಹೆದರಿಕೆ ಬಿಟ್ಟುಹೋಗಿದೆ ಎಂದುಕೊಂಡಿದ್ದೆ. ವೇದಿಕೆಯ ಮೇಲೆ ಪೇಟ, ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಕೂತಿದ್ದ ಸರ್ ಅವರನ್ನು ಕಂಡು "ನಮ್ಮ ಸರ್..." ಅಂದೆ. ಮುಂದೆ ಮಾತೇ ಇಲ್ಲ.

ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ನಿರೂಪಕರು ಬಂದು ಮೈಕಿಗೆ ಕೈ ಚಾಚಿದರು. "ಮೇಡಂ, ಟೈಮ್ ಆಗೇತಿ, ಕೂಡ್ರಿ." ಕೂತಿದ್ದರೆ ನನ್ನ ಗುರುವಿಗೆ ಒಂದು ಮಾತೂ ಹೇಳದೆ ಕಳಿಸಿಕೊಟ್ಟಂತಾಗುತ್ತಿತ್ತು.

ಸರ್ ಎದ್ದರು. ಹಣ್ಣಿನ ಬುಟ್ಟಿಯನ್ನು ಮುಖ್ಯ ಅತಿಥಿಗಳ ತೊಡೆಗೆ ದಾಟಿಸಿ, ಪಕ್ಕದ ಕಿಟಕಿಗೆ ಹೋಗಿ ಸಭೆಗೆ ಬೆನ್ನು ಮಾಡಿ ನಿಂತರು.

"ಇರ್ರಿ, ಆಕಿ ಹೇಳ್ತಾಳ. ನನಗೇನ ಅವಸರ ಇಲ್ಲ."

ಮುಂದಿನ ಸಾಲಿನಲ್ಲಿದ್ದ ತಲೆ ನರೆತ ಪ್ರಿನ್ಸಿಪಾಲರೊಬ್ಬರು ಮೆಲ್ಲಗೆ ಮುಖವನ್ನು ಕಿಟಕಿಯತ್ತ ತಿರುಗಿಸಿದರು. ಅವರ ಹಿಂದಿನವರು, ಆಮೇಲೆ ಅವರ ಹಿಂದಿನವರು, ಸಾಲು ಸಾಲಾಗಿ ಇಡೀ ಸಭೆ. ಏನೂ ತಿಳಿಯದ ರೈತರೂ ತಿರುಗಿದರು. ಕಡೆಗೆ ಮುಖ್ಯ ಅತಿಥಿಗಳೂ. ಸರ್ ಇಷ್ಟೊಂದು ಜನರಿಗಾಗಿ ಹೀಗೆ ಕಾದಿದ್ದಾರೆ! ನಾನೊಬ್ಬಳೇ ಅಂದುಕೊಂಡಿದ್ದೆನಲ್ಲ.

ಆ ಬೆನ್ನಿಗೆ ಹೇಳಿದೆ: "ಸರ್, ನಾನೂ ಈಗ ಪಾಠ ಮಾಡತೇನ್ರಿ. ನನ್ನ ಕ್ಲಾಸಿನ್ಯಾಗೂ ಒಂದು ಕಿಟಕಿ ಐತ್ರಿ."

ಸರ್ ತಿರುಗಲು ಸ್ವಲ್ಪ ತಡವಾಯಿತು. ಪೇಟ ಕಿವಿಗೆ ಜಾರಿತ್ತು, ಕಣ್ಣು ಒದ್ದೆಯಾಗಿತ್ತು.

"ಹಾಂ," ಅಂದರು. "ಮುಂದ ಹೋಗೂಣು."