ಜ್ವರದ ಪುಸ್ತಕ

ಶಿವಮೊಗ್ಗದ ಹತ್ತಿರದ ಒಂದು ಸಣ್ಣ ಫೌಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಶಾಖ ನೋಡುವ ಕೆಲಸ ಮಾಡಿದವನು ನಾನು. ಕರಗಿದ ಕಬ್ಬಿಣಕ್ಕೆ ಉದ್ದ ಸಲಾಕೆಯ ಮೊನೆ ಅದ್ದುವುದು, ಮೀಟರಿನಲ್ಲಿ ಕಂಡ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು, ಅಷ್ಟೇ. ಸಾವಿರದ ನಾನೂರು ಡಿಗ್ರಿಯ ಮುಂದೆ ನಿಂತು ಎಲೆಅಡಿಕೆ ಜಗಿಯುತ್ತಿದ್ದ ಮನುಷ್ಯ ಈಗ ನೂರು ಡಿಗ್ರಿ ಎಂದರೆ ನಡುಗುತ್ತೇನೆ.

ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದರು. ಆರು ಕೀಮೋ ಆಗಬೇಕು, ಮೂರು ವಾರಕ್ಕೊಂದು. ಭದ್ರಾವತಿಯ ನಮ್ಮ ಮನೆಯಿಂದ ಶಿವಮೊಗ್ಗದ ಆಸ್ಪತ್ರೆಗೆ ಪಕ್ಕದ ಮನೆಯವನ ಆಟೋದಲ್ಲಿ ಹೋಗುತ್ತೇವೆ, ನಾನು ಮತ್ತು ನನ್ನ ಹೆಂಡತಿ. ಕೂದಲು ಉದುರಿದ ಮೇಲೆ ಅವಳು ಗಾಂಧಿ ಬಜಾರಿನಿಂದ ಒಂದು ಟೋಪಿ ತಂದಳು. ಅದು ಬಿಗಿ. ಹೇಳಿದರೆ, ತಲೆ ದಪ್ಪ ಆಗಿದೆ, ಟೋಪಿಯದ್ದೇನು ತಪ್ಪು ಎನ್ನುತ್ತಾಳೆ. ಬಾಯಿಯಂತೂ ಸದಾ ಕಬ್ಬಿಣ ನೆಕ್ಕಿದ ಹಾಗೆ. ಗಂಜಿಗೂ ಅದೇ ರುಚಿ, ಲಿಂಬೆ ಉಪ್ಪಿನಕಾಯಿಗೂ ಅದೇ ರುಚಿ. ಇಷ್ಟು ವರ್ಷ ಮೂಗಿಗೆ ಹೋಗುತ್ತಿದ್ದದ್ದು ಈಗ ನಾಲಿಗೆಗೆ ಬಂತು ಎಂದುಕೊಂಡು ನುಂಗುತ್ತೇನೆ.

ಮೊದಲನೇ ಕೀಮೋ ಮುಗಿದ ದಿನ ನರ್ಸಮ್ಮ ಒಂದು ಸಣ್ಣ ಪುಸ್ತಕ ಕೊಟ್ಟು ಹೇಳಿದ್ದರು. "ದಿನಕ್ಕೆ ಮೂರು ಸಲ ಜ್ವರ ನೋಡಿ ಬರೀರಿ. ಹತ್ತನೇ ದಿನದ ಹೊತ್ತಿಗೆ ರಕ್ತದಲ್ಲಿ ಬಿಳಿ ಕಣ ಕಮ್ಮಿ ಆಗಿರುತ್ತೆ. ನೂರು ಪಾಯಿಂಟ್ ನಾಲ್ಕು ಮುಟ್ಟಿದ್ರೆ ಮಾತ್ರೆ ನುಂಗ್ಕೊಂಡು ಮಲ್ಗೋ ಹಾಗಿಲ್ಲ, ತಕ್ಷಣ ಬರಬೇಕು."

ಪುಸ್ತಕ ನೋಡಿ ನಗು ಬಂತು. ಇದನ್ನು ಬರೆಯುವುದಕ್ಕೆ ನನಗಿಂತ ಪಳಗಿದ ಕೈ ಬೇಕೇ?

ಪಳಗಿದ ಕೈಗೆ ಒಂದು ಹಳೇ ಚಾಳಿಯೂ ಇತ್ತು. ಪಾಳಿ ಮುಗಿಯುವ ಹೊತ್ತಿಗೆ ಕಬ್ಬಿಣ ಹತ್ತು ಡಿಗ್ರಿ ತಣ್ಣಗಿದ್ದರೆ, ಮತ್ತೆ ಕಾಯಿಸುತ್ತ ಯಾರು ಕೂರುತ್ತಾರೆ ಎಂದು ಇರಬೇಕಾದ ಅಂಕಿಯನ್ನೇ ಬರೆದುಬಿಡುತ್ತಿದ್ದೆ. ಹೆಚ್ಚಿನ ಸಲ ಏನೂ ಆಗಲಿಲ್ಲ. ಒಮ್ಮೆ ಮಾತ್ರ ಎರಕ ಅಚ್ಚಿನ ಮೂಲೆ ತುಂಬದೆ ಅರ್ಧಕ್ಕೇ ನಿಂತಿತ್ತು. ಅದನ್ನು ನನ್ನ ಮುಂದಿಟ್ಟು ಇಂಜಿನಿಯರ್ ಕೇಳಿದ್ದರು, "ನಿನ್ನ ಪುಸ್ತಕದಲ್ಲಿ ಎಲ್ಲಾ ಸರಿ ಇದೆ. ಇದು ಯಾಕೆ ಹೀಗಿದೆ ಮಾರಾಯ?"

ಕೀಮೋ ಕೊಡುವ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ ಶಿಕಾರಿಪುರದ ಕಡೆಯ ಒಬ್ಬ ಜೋಳದ ರೈತರದ್ದು. ಎರಡು ಸಲ ಜೊತೆಗೆ ಕೂತಿದ್ದೆವು. ನನ್ನ ಟೋಪಿ ಕಂಡು, "ಕ್ರಿಕೆಟ್ ಆಡೋಕೆ ಹೊಂಟ್ರಾ ಸ್ವಾಮಿ?" ಎಂದು ರೇಗಿಸಿದವರು. ಮೂರನೇ ಸಲ ಹೋದಾಗ ಆ ಕುರ್ಚಿಯಲ್ಲಿ ಬೇರೆ ಯಾರೋ ಹೆಂಗಸು ಕೂತಿದ್ದರು. ಕೇಳಿದರೆ ನರ್ಸಮ್ಮ, "ಜ್ವರ ಬಂದು ಅಡ್ಮಿಟ್ ಆಗಿದ್ರು" ಎಂದಷ್ಟೇ ಹೇಳಿ ಸಲೈನ್ ಕಡೆ ತಿರುಗಿದರು. ಆಗಿದ್ರು ಅಂದರೆ ಈಗ? ಕೇಳುವ ಧೈರ್ಯ ಬರಲಿಲ್ಲ. ಜೊತೆಗಿದ್ದ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಆ ಮೂರನೇ ಕೀಮೋ ಆದ ಹತ್ತನೇ ದಿನ, ಮಧ್ಯಾಹ್ನ ಮೂರು ಗಂಟೆಗೆ, ನಾಲಿಗೆಯಡಿ ಇಟ್ಟ ಥರ್ಮಾಮೀಟರ್ ಪೀಂ ಎಂದಿತು. ನೂರು ಪಾಯಿಂಟ್ ಎಂಟು.

ಈಗಷ್ಟೇ ಬಿಸಿ ಕಾಫಿ ಕುಡಿದೆನಲ್ಲ, ಅದಕ್ಕೇ ಇರಬೇಕು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆ. ಅಷ್ಟೇ ಇತ್ತು. ಹೋದರೆ ಅಡ್ಮಿಟ್ ಮಾಡಿಕೊಳ್ಳುತ್ತಾರೆ, ಅಡ್ಮಿಟ್ ಆದವರ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ನಾನು ಕುಲುಮೆಯ ಪಕ್ಕದಲ್ಲೇ ಇದ್ದು ಸಾಬೀತು ಮಾಡಿದವನು. ಪೆನ್ನು ತೆಗೆದು ತೊಂಬತ್ತೊಂಬತ್ತು ಪಾಯಿಂಟ್ ಆರು ಎಂದು ಬರೆದೆ. ಕೈ ಸ್ವಲ್ಪವೂ ಅಳುಕಲಿಲ್ಲ.

"ಎಷ್ಟಿತ್ತು ರೀ?" ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಬರೆದಿದೀನಿ, ನೋಡ್ಕೋ."

ಬಂದು ನೋಡಿದಳು. ಪುಸ್ತಕ ಕೆಳಗಿಟ್ಟು, ಒದ್ದೆ ಕೈ ಸೆರಗಿಗೆ ಒರೆಸಿ, ಹಿಂಗೈಯನ್ನು ನನ್ನ ಕುತ್ತಿಗೆಗೆ ಇಟ್ಟಳು. ಎರಡು ಮಕ್ಕಳನ್ನು ಅದೇ ಕೈಯಲ್ಲಿ ನೋಡಿ ಬೆಳೆಸಿದವಳು.

"ಪುಸ್ತಕದಲ್ಲಿ ಇಲ್ದಿದ್ದು ಕುತ್ತಿಗೇಲಿ ಇದೆಯಲ್ರೀ," ಎಂದಳು. ಬೈಯಲಿಲ್ಲ, ಹೊರಗೆ ಹೋಗಿ ಆಟೋದವನನ್ನು ಕೂಗಿದಳು.

ತುಂಗಾ ಸೇತುವೆ ಬಂದಾಗ ಅವಳು ಕೇಳಿದಳು. "ಆ ಶಿಕಾರಿಪುರದವ್ರು ಹೋಗ್ಬಿಟ್ರು ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ."

"ಮತ್ತೆ? ನೀವೇ ಕೊಂದ್ಬಿಟ್ರಾ ಅವ್ರನ್ನ?"

ನನಗೆ ಅಳು ಬಂತು. ಹೆದರಿಕೆ ಕಣೇ, ಎಂದೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡು ಇಂಜೆಕ್ಷನ್ ಕೊಟ್ಟರು. ಇನ್ನೊಂದು ದಿನ ಮನೆಯಲ್ಲೇ ಕೂತಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಪಕ್ಕದ ಕುರ್ಚಿಯವರ ವಿಷಯ ನಾನು ಕೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಪುಸ್ತಕ ಹೆಂಡತಿಯ ಕೈಗೆ ಹೋಯಿತು. ನಾಲ್ಕನೇ ಕೀಮೋ ಆಗಿ ಇವತ್ತಿಗೆ ಹತ್ತು ದಿನ. ಮೂರು ಗಂಟೆಗೆ ಥರ್ಮಾಮೀಟರ್ ಇಟ್ಟು, ತಾನೇ ನೋಡಿ, ಬರೆದು, ಪುಸ್ತಕ ಮಡಚಿ ಒಳಗೆ ಹೋದಳು. ಹೋದ ಮೇಲೆ ತೆರೆದು ನೋಡಿದೆ. ತೊಂಬತ್ತೊಂಬತ್ತು ಪಾಯಿಂಟ್ ಆರು. ನಾನು ಅಂದು ಬರೆದಿದ್ದ ಅದೇ ಅಂಕಿ.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. "ಇದು ನಿಜವಾಗಿ ಇದ್ದಿದ್ದಾ?"

ಅವಳು ನೀರು ಕುದಿಸುತ್ತಿದ್ದಳು. ತಿರುಗಲಿಲ್ಲ.

"ಅಷ್ಟೇ ಇದ್ದಿದ್ದು, ಸತ್ಯ," ಎಂದಳು. ಒಲೆ ಸಣ್ಣ ಮಾಡುತ್ತ, "ಜಾಸ್ತಿ ಇದ್ದಿದ್ರೆ ಬರೀತಿದ್ನೋ ಇಲ್ವೋ, ನನಗೂ ಗೊತ್ತಿಲ್ಲ ಕಣ್ರೀ."

ಮತ್ತೆ ರಾತ್ರಿ ಊಟಕ್ಕೆ ಮುಂಚೆ ನೋಡಬೇಕು. ಇಬ್ಬರೂ ಒಟ್ಟಿಗೇ ನೋಡುವುದೆಂದು ಮಾತಾಗಿದೆ.