ಅಂಟಿನ ಉಂಡೆಯೂ ಅಳತೆಯ ದಾರವೂ

ಐವತ್ತರ ದಶಕದಲ್ಲಿ ನಾನು ನರೇಗಲ್ಲಿನ ಶಾಲೆಯಲ್ಲಿ ಎಂಟನೆಯ ಇಯತ್ತೆ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ನನ್ನ ರಟ್ಟೆ ನೋಡಿಕೊಳ್ಳುತ್ತಿದ್ದೆ ಅನ್ನುವುದೇ ಸರಿ. ಈಗ ಕಬಡ್ಡಿ ಅನ್ನುವ ಹುತುತು ಆಟಕ್ಕೆ ಹುಡುಗರನ್ನು ಆರಿಸುವಾಗ ಡ್ರಿಲ್ ಮಾಸ್ತರರು ಎಲ್ಲರೆದುರು ನನ್ನ ತೋಳು ಹಿಡಿದು, "ಇದೇನೋ ಇದು, ಹತ್ತಿಕಟಗಿ! ಮೊದಲ ಮೈ ಮಾಡ್ಕೊಂಡು ಬಾ. ದೀಪಾವಳಿ ಆದಮ್ಯಾಲ ನೋಡೂನು" ಅಂದಿದ್ದರು. ಹುಡುಗರಿಗೆ ಅಷ್ಟೇ ಸಾಕಿತ್ತು. ಶಾಲೆ ಬಿಡುವವರೆಗೂ ನಾನು ಹತ್ತಿಕಟಗಿಯೇ.

ಮರುದಿನದಿಂದ ತಾಲೀಮಿನಲ್ಲಿ ದಂಡ, ಬೈಠಕ್. ಮನೆಗೆ ಬಂದೊಡನೆ ರಟ್ಟೆಗೆ ದಾರ ಸುತ್ತಿ ಅಳೆಯುವುದು. ಮೊದಲ ದಿನ ಗುರುತಿಗೆ ಹಾಕಿದ ಗಂಟು ಇದ್ದಲ್ಲೇ ಇರುತ್ತಿತ್ತು. ಪೈಲ್ವಾನರು ಹಾಲು, ತುಪ್ಪ, ಬದಾಮಿ ತಿನ್ನುತ್ತಾರೆಂದು ಕೇಳಿದ್ದೆ. ನಮ್ಮಲ್ಲಿದ್ದದ್ದು ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಈಗ ನೆನೆದರೆ ಬಾಯಲ್ಲಿ ನೀರೂರುತ್ತದೆ, ಆಗ ಸಿಟ್ಟು ಬರುತ್ತಿತ್ತು.

ಅದೇ ಹೊತ್ತಿಗೆ ಹೆರಿಗೆಗೆ ಬಂದಿದ್ದ ಅಕ್ಕ ಹಡೆದಳು. ಬಾಣಂತಿಗೆಂದು ಅವ್ವ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಉಂಡೆ ಕಟ್ಟಿ ಡಬ್ಬಿ ತುಂಬಿದಳು. ಸೊಂಟಕ್ಕೆ ಬಲವಂತೆ. ಸೊಂಟಕ್ಕೆ ಬರುವ ಬಲ ರಟ್ಟೆಗೇಕೆ ಬರಬಾರದು? ದಿನಕ್ಕೊಂದು ಕದ್ದೆ, ಆಮೇಲೆ ಎರಡು. ನಾಚಿಕೆಯೇನೂ ಆಗಲಿಲ್ಲ, ಸುಳ್ಳೇಕೆ ಹೇಳಲಿ.

ಹದಿನೈದು ದಿನಕ್ಕೆ ಉಷ್ಣವಾಗಿ ಬಾಯಿ ತುಂಬ ಹುಣ್ಣು. ತಾಲೀಮಿನಲ್ಲಿ ಮೂಗಿನಿಂದ ರಕ್ತವೂ ಬಂತು. ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಇವತ್ತು ನನ್ನ ಕತೆ ಮುಗಿಯಿತು ಅಂದುಕೊಂಡೆ.

"ನಾನ ಕೊಟ್ಟೀನಿ ಬಿಡವ್ವಾ ಅವಗ. ನನಗ ಅವು ಸೇರೂದಿಲ್ಲ" ಅಂದಳು ಅಕ್ಕ, ತೊಟ್ಟಿಲು ತೂಗುತ್ತ.

ಅವ್ವ ಗೊಣಗುತ್ತ ಅಡುಗೆಮನೆಗೆ ಹೋದ ಮೇಲೆ ಅಕ್ಕ ನನ್ನನ್ನು ಹತ್ತಿರ ಕರೆದಳು. "ತಾ ಇಲ್ಲಿ ಆ ದಾರ. ರಟ್ಟಿ ಎಷ್ಟ ದಪ್ಪ ಆಗೇತಿ ನೋಡೂನು."

ಸುತ್ತಿ ನೋಡಿದರೆ ಗಂಟು ಎಳ್ಳಷ್ಟೂ ಸರಿದಿರಲಿಲ್ಲ. ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಅದೇ ದಾರವನ್ನು ತನ್ನ ರಟ್ಟೆಗೆ ಸುತ್ತಿಕೊಂಡಳು. ಗಂಟಿನ ಈಚೆಗೇ ಸುತ್ತು ಮುಗಿದು ಎರಡು ಬೆರಳು ದಾರ ಮಿಕ್ಕಿತು.

ನಾಚಿಕೆ ಬಂದದ್ದು ಆಗ. ತಿಂಗಳಿಂದ ನನ್ನ ತೋಳನ್ನೇ ನೋಡುತ್ತಿದ್ದವನು ಅವಳ ತೋಳು ನೋಡಿದ್ದು ಅಂದೇ.

ಹುತುತು ತಂಡಕ್ಕೆ ನಾನು ಸೇರಲಿಲ್ಲ. ಅವ್ವ ಮತ್ತೆ ಉಂಡೆ ಕಟ್ಟಿದಳು. ಅಕ್ಕ ಗಂಡನ ಮನೆಗೆ ಹೋಗುವವರೆಗೂ ದಿನಾ ಒಂದನ್ನು ಅವಳ ಕೈಗಿಟ್ಟು, ತಿಂದು ಮುಗಿಸುವ ತನಕ ಎದುರಿಗೇ ಕೂತಿರುತ್ತಿದ್ದೆ. ಅವಳು ಅರ್ಧ ಮುರಿದು ನನ್ನ ಬಾಯಿಗೆ ಹಿಡಿಯುತ್ತಿದ್ದಳು.

"ಒಲ್ಲೆ, ಬಾಯಿ ಹುಣ್ಣಾಗೇತಿ" ಅನ್ನುತ್ತಿದ್ದೆ. ಹುಣ್ಣು ಎಂದೋ ಮಾಯ್ದಿತ್ತು.